ಟೆಂಪ್ ಒಂದು, ಟೆಂಪ್ ಎರಡು, ಹುಣಸಿಮರದ ಹೊಲ

ನಮ್ಮೂರು ಹುಲಿಹೈದರ ಇದ್ದಲ್ಲೇ ಇದೆ. ಅದರ ವಿಳಾಸಕ್ಕೆ ಮಾತ್ರ ಕಾಲಲ್ಲಿ ಚಕ್ರ. ಅಪ್ಪ ಹುಟ್ಟಿದಾಗ ಊರು ನಿಜಾಮನ ಸಂಸ್ಥಾನಕ್ಕೆ ಸೇರಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದು ಭಾರತದ ಹೈದರಾಬಾದ್ ರಾಜ್ಯವಾಯಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ. 1973ರ ನವೆಂಬರ್ 1ಕ್ಕೆ ಕರ್ನಾಟಕ. ಜಿಲ್ಲೆ ರಾಯಚೂರು ಇದ್ದದ್ದು 1997ರಲ್ಲಿ ಕೊಪ್ಪಳವಾಯಿತು. ತಾಲೂಕು ಗಂಗಾವತಿ ಇದ್ದದ್ದು 2018ರಲ್ಲಿ ಕನಕಗಿರಿಯಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಸೀಮೆಯ ಹೆಸರೂ ಬದಲಾಗಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಇಷ್ಟೆಲ್ಲ ಪ್ರವಾಸವನ್ನು ಅಪ್ಪ ಗುಡಿಯ ಕಟ್ಟೆ ಬಿಟ್ಟು ಏಳದೆಯೇ ಮುಗಿಸಿದ್ದಾನೆ.

ಈ ಪ್ರವಾಸದ ಖರ್ಚು ಯಾರ ತಲೆಗೆ ಬರುತ್ತದೆ ಎನ್ನುವುದು ನನಗೆ ಗೊತ್ತಾದದ್ದು ಒಂದು ಕಂಪನಿಯಲ್ಲಿ. ಅಲ್ಲಿ ಸಾಲದ ಅರ್ಜಿಗಳನ್ನು ನೋಡಿಕೊಳ್ಳುವ ಪೈಥಾನ್ ಪ್ರೋಗ್ರಾಮ್ ಒಂದಿತ್ತು. ಬರೆದಾತ ನಾನು ಸೇರುವ ಮೊದಲೇ ಕೆಲಸ ಬಿಟ್ಟಿದ್ದ. ಹೊಸ ತಾಲೂಕುಗಳು ಬಂದವಲ್ಲ, ಪ್ರೋಗ್ರಾಮಿನಲ್ಲೂ ಬದಲಿಸಬೇಕೆಂದು ಮೇಲಿನಿಂದ ಹುಕುಂ ಬಂತು. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡರು. ತೆರೆದು ನೋಡಿದರೆ ಹುಲಿಹೈದರ ಹೋಬಳಿಯು ಗಂಗಾವತಿ ತಾಲೂಕಿನದು ಎಂಬ ಸಂಗತಿಯನ್ನು ಆ ಪುಣ್ಯಾತ್ಮ ಎಲ್ಲೋ ಒಂದು ಕಡೆ ಬರೆದಿಡದೆ, ಅಗತ್ಯ ಬಿದ್ದಲ್ಲೆಲ್ಲ ಹೊಸದಾಗಿ ಬರೆದಿದ್ದ. ಬಡ್ಡಿ ಲೆಕ್ಕದಲ್ಲಿ ಗಂಗಾವತಿ, ರಸೀದಿಯಲ್ಲಿ ಗಂಗಾವತಿ, ಸಂದೇಶ ಕಳಿಸುವಲ್ಲಿ ಗಂಗಾವತಿ. ಊರಿನ ಹೆಸರೂ ಅಷ್ಟೇ: ಇಂಗ್ಲಿಷಿನಲ್ಲಿ ಐ ಹಾಕಿ ಒಂದು ಕಡೆ, ವೈ ಹಾಕಿ ಇನ್ನೊಂದು ಕಡೆ, ಹುಲಿಯನ್ನೂ ಹೈದರನನ್ನೂ ಬೇರೆ ಮಾಡಿ ಮತ್ತೊಂದು ಕಡೆ. ಅವಸರದ ಮನುಷ್ಯನೊಬ್ಬ ಎಲ್ಲ ಗಂಗಾವತಿಯನ್ನೂ ಒಂದೇ ಏಟಿಗೆ ಕನಕಗಿರಿ ಮಾಡಿಬಿಟ್ಟ. ಅದರಿಂದ ನಮ್ಮೂರವರಿಗೆ ಅನುಕೂಲವೇ ಆಯಿತು. ಆದರೆ ಅಸಲಿ ಗಂಗಾವತಿ ಪೇಟೆಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದವರು ರಾತ್ರೋರಾತ್ರಿ ಗಿರಣಿ ಸಮೇತ ಕನಕಗಿರಿಗೆ ಬಂದಿಳಿದರು. ಕಾಗದದ ಮೇಲೆ ಅವರನ್ನು ವಾಪಸ್ ಕಳಿಸಲು ಹಿಡಿದ ಸಮಯ, ಮೊದಲೇ ‘ಊರು, ಹೋಬಳಿ, ತಾಲೂಕು, ಜಿಲ್ಲೆ’ ಎಂದು ಒಂದೇ ಪಟ್ಟಿ ಮಾಡಿ ಒಂದೇ ಕಡತದಲ್ಲಿ ಇಟ್ಟಿದ್ದರೆ ಹಿಡಿಯುತ್ತಿದ್ದ ಸಮಯಕ್ಕಿಂತ ಎಷ್ಟು ಹೆಚ್ಚೆಂದು ಯಾರೂ ಲೆಕ್ಕ ಹಾಕಲಿಲ್ಲ. ಲೆಕ್ಕ ಹಾಕಿದ್ದರೆ ಯಾರಾದರೂ ಅತ್ತಿರುತ್ತಿದ್ದರು.

ಬದಲಾಗುವ ಸಂಗತಿ ಯಾವುದು, ಬದಲಾಗದ್ದು ಯಾವುದು ಎಂದು ಬರೆಯುವಾಗಲೇ ಊಹಿಸುವುದು ಕೋಡ್ ಬರೆಯುವವನ ಕಸುಬಿನ ದೊಡ್ಡ ಪಾಲು. ಜಿಲ್ಲೆ ಬದಲಾಗುವುದಿಲ್ಲ ಎಂದು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವ ನಂಬಬಹುದು. ನಮ್ಮ ಸೀಮೆಯವ ನಂಬಿದರೆ ಅದಕ್ಕೆ ಕ್ಷಮೆಯಿಲ್ಲ.

ಲಾಕ್‌ಡೌನಿನ ಕಾಲದಲ್ಲಿ ಊರಿಗೆ ಬಂದವನು ನಾನು ಅರ್ಧಕ್ಕರ್ಧ ಇಲ್ಲೇ ಉಳಿದುಕೊಂಡೆ. ಪಡಸಾಲೆಯಲ್ಲಿ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಎದುರಿನ ಜೋಳದ ಚೀಲಗಳ ಮೇಲೆ ಬೆಕ್ಕು. ಕೆಲಸ ಅಂದರೇನೆಂದು ಅಪ್ಪ ಕೆಲವು ದಿನ ದೂರದಿಂದಲೇ ಪರೀಕ್ಷಿಸಿ ಕಡೆಗೆ ಕೇಳಿದ: “ನೀ ಬರಿಯೂದಕ್ಕಿಂತ ನೋಡ್ಕೋಂತ ಕುಂದ್ರೂದ ಬಾಳ ಆತಲ್ಲೋ. ಪಗಾರ ಯಾವುದಕ್ಕ ಕೊಡ್ತಾರ?” ಅಪ್ಪನಿಗೆ ಗೊತ್ತಿಲ್ಲದೆಯೇ ಅವನು ಪೈಥಾನ್ ಭಾಷೆಯ ಜನಕ ಗ್ವಿಡೊ ವಾನ್ ರಾಸಮ್ ಕಂಡುಕೊಂಡದ್ದನ್ನೇ ಕಂಡುಕೊಂಡಿದ್ದ. 1989ರ ಕ್ರಿಸ್ಮಸ್ ರಜೆಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊತ್ತು ಕಳೆಯಲೆಂದು ಒಂದು ಭಾಷೆ ಕಟ್ಟಲು ಕೂತ ಆತ, ಕೋಡನ್ನು ಬರೆಯುವುದಕ್ಕಿಂತ ಓದುವುದೇ ಹೆಚ್ಚು ಎಂಬುದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ. ಬೇರೆ ಬಹುಪಾಲು ಭಾಷೆಗಳಲ್ಲಿ ಸಾಲಿನ ಮುಂದೆ ಬಿಡುವ ಜಾಗ ಬರೆಯುವವನ ಔದಾರ್ಯ; ಬಿಟ್ಟರೂ ಸೈ, ಬಿಡದಿದ್ದರೂ ಸೈ. ಪೈಥಾನ್ ಅದನ್ನು ವ್ಯಾಕರಣವನ್ನಾಗಿಯೇ ಮಾಡಿತು. ಒಳಗಿನ ಸಾಲು ಒಳಗೆ ಸರಿಯದಿದ್ದರೆ ಪ್ರೋಗ್ರಾಮ್ ಓಡುವುದೇ ಇಲ್ಲ. ಅಂದರೆ ಓದುವವನ ಕಣ್ಣಿಗೆ ಕಾಣುವುದೇ ಯಂತ್ರಕ್ಕೂ ಆಜ್ಞೆ.

ಇಷ್ಟಾದರೂ ಪೈಥಾನಿನಲ್ಲಿ ಕೆಟ್ಟದಾಗಿ ಬರೆಯಲು ಅಡ್ಡಿಯೇನೂ ಇಲ್ಲ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುತ್ತಾರೆ ನಮ್ಮ ಕಡೆ. ಕೆಲವರ ಕೋಡ್ ನೋಡಲು ಕಣ್ಣು ಸಾಲದು, ಕಾಲೂ ಬೇಕು: ಈ ಕಡತದ ಫಂಕ್ಷನ್ನು ಆ ಕಡತಕ್ಕೆ ಕಳಿಸುತ್ತದೆ, ಅದು ಮೂರನೆಯದಕ್ಕೆ, ಮೂರನೆಯದು ‘ಮೊದಲಿನದನ್ನೇ ಕೇಳು’ ಎನ್ನುತ್ತದೆ.

ಅಣ್ಣನ ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಬೇಸಿಗೆ ರಜೆಗೆ ಬಂದವಳು ಒಂದು ಪ್ರಾಜೆಕ್ಟಿಗೆ ಕೂತಳು: ಹೋಬಳಿಯ ದಿನದಿನದ ಮಳೆಯ ಅಂಕಿಗಳನ್ನು ಹಿಡಿದು ಮಳೆ ನಕ್ಷತ್ರವಾರು ಲೆಕ್ಕ ತೆಗೆಯುವ ಪ್ರೋಗ್ರಾಮ್. ವಿಚಾರ ನನಗೆ ಬಹಳ ಹಿಡಿಸಿತು. ಸರ್ಕಾರ ಮಳೆಯನ್ನು ತಿಂಗಳಲ್ಲಿ ಎಣಿಸುತ್ತದೆ, ರೈತ ಎಣಿಸುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿ, ಕಾರಟಗಿಯವರ ಮಾತು ಬೇರೆ. ಸಜ್ಜೆ, ತೊಗರಿ ನಂಬಿದ ನಮಗೆ ಜೂನು, ಜುಲೈ ಅಂದರೆ ಏನೂ ಅಲ್ಲ. ರೋಣಿ, ಮಿರಗ, ಆರಿದ್ರ, ಮಗಿ, ಹುಬ್ಬಿ, ಉತ್ರಿ ಅಂದರೆ ಎಲ್ಲವೂ. ವರ್ಷವನ್ನು 27 ನಕ್ಷತ್ರಗಳು ಹಂಚಿಕೊಂಡು ಒಂದೊಂದಕ್ಕೆ 13-14 ದಿನ ಬರುತ್ತದೆ. ರೋಣಿ ಮಳಿ ಬಂದರ ಓಣೆಲ್ಲಾ ಜ್ವಾಳ ಎಂಬ ಮಾತನ್ನು ಅಂಕಿಯಲ್ಲಿ ಪರೀಕ್ಷಿಸೋಣ ಎಂದು ಆಕೆಯ ಉಮೇದು.

“ಕಾಕಾ, ಒಂಚೂರು ನೋಡು. ಓಡ್ತೈತಿ, ಉತ್ತರಾನೂ ಬರ್ತೈತಿ” ಅಂದಳು.

ಓಡುತ್ತಿತ್ತು, ನಿಜ. ಒಳಗೆ ಹೋದರೆ ಎ, ಬಿ, ಎಕ್ಸ್, ಟೆಂಪ್1, ಟೆಂಪ್2, ಡೇಟಾ, ಡೇಟಾ_ಫೈನಲ್, ಡೇಟಾ_ಫೈನಲ್_2. ಟೆಂಪ್ ಅಂದರೆ ಟೆಂಪರೇಚರ್ ಎಂದುಕೊಂಡು ನಾನು ಅರ್ಧ ಪುಟ ಓದಿದೆ. ಮಳೆ ಲೆಕ್ಕದಲ್ಲಿ ಉಷ್ಣಾಂಶಕ್ಕೇನು ಕೆಲಸ ಎಂದು ತಲೆ ಕೆರೆದುಕೊಂಡೆ. ಕೇಳಿದರೆ ಅದು ಟೆಂಪರರಿಯಂತೆ. ಟೆಂಪ್2ರಲ್ಲಿ ಏನಿದೆಯಮ್ಮಾ ಅಂದೆ. ಕೆಳಗಿನ ಸಾಲು ನೋಡಿ, ಮೇಲಿನ ಸಾಲು ನೋಡಿ, “ತಡಿ ಕಾಕಾ, ಹೇಳ್ತೀನಿ” ಅಂದಳು. ಬರೆದು ಇನ್ನೂ ವಾರ ಕಳೆದಿರಲಿಲ್ಲ.

ಕಟ್ಟೆಯಿಂದ ಅಪ್ಪ ಆಗಷ್ಟೇ ಬಂದಿದ್ದ. ಅವನ ಎದುರಿಗೇ ಅಂದೆ: ಅಜ್ಜನಿಗೆ ನಮ್ಮ ಹೊಲಗಳ ಸರ್ವೇ ನಂಬರ್ ಕೇಳು. ಕೇಳಿದಳು. ಅಪ್ಪನಿಗೆ ಒಂದೂ ಬರಲಿಲ್ಲ. ಪಹಣಿ ತಂದು ನೋಡು ಅಂದ. ಹೊಲ ಯಾವ್ಯಾವು ಅಂತ ಕೇಳಿದ್ದೇ ತಡ ಸರಸರನೆ ಹೇಳಿದ: ಹುಣಸಿಮರದ ಹೊಲ, ಕೆಂಪು ಮಸಾರಿ, ಹಳ್ಳದ ದಂಡಿ, ಬಾವಿ ತುಂಡು. ಸರ್ವೇ ನಂಬರು ತಹಶೀಲ್ದಾರರ ಕಂಪ್ಯೂಟರಿಗೆ ಸಾಕು. ಬೀಜ ಯಾವುದು ಹಾಕಬೇಕು, ಮಳೆ ಹೋದ ಮೇಲೆ ಎಷ್ಟು ದಿನಕ್ಕೆ ಕಾಲಿಡಬಹುದು ಎಂದು ತೀರ್ಮಾನಿಸುವವನಿಗೆ ‘ಕೆಂಪು ಮಸಾರಿ’ ಎಂಬ ಹೆಸರಿನಲ್ಲೇ ಅರ್ಧ ಉತ್ತರವಿದೆ. ಟೆಂಪ್2ರಲ್ಲಿ ಏನೂ ಇಲ್ಲ. ಅದೇ ಹುಡುಗಿ ‘ನಕ್ಷತ್ರವಾರು_ಮಳೆ’ ಎಂದು ಹೆಸರಿಟ್ಟಿದ್ದರೆ ನಾನು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಅಪ್ಪನ ಪದ್ಧತಿಯೂ ನಿರ್ದೋಷವಲ್ಲ ಅನ್ನಿ. ಹುಣಸಿಮರದ ಹೊಲದಲ್ಲಿ ಹುಣಸಿಮರವಿಲ್ಲ. ನಾನು ಹುಟ್ಟುವ ಮೊದಲೇ ಬಿದ್ದು ಒಲೆಗೆ ಹೋಗಿದೆ. ಹೊಸದಾಗಿ ಬಂದ ಟ್ರ್ಯಾಕ್ಟರಿನವನೊಬ್ಬ ಮರ ಹುಡುಕುತ್ತ ಹೋಗಿ ಪಕ್ಕದವರ ಹೊಲವನ್ನು ಉಚಿತವಾಗಿ ಹರಗಿ ಬಂದಿದ್ದ. ಕೋಡಿನಲ್ಲಿ ಇಂಥ ಬಿದ್ದ ಮರಗಳು ಬೇಕಾದಷ್ಟು. ‘ದಿನದ_ಮಳೆ’ ಎಂಬ ಫಂಕ್ಷನ್ನು ಯಾವಾಗಲೋ ವಾರದ ಮಳೆ ಕೊಡಲು ಶುರುಮಾಡಿರುತ್ತದೆ. ಹೆಸರು ಬದಲಿಸಲು ಯಾರಿಗೂ ಪುರಸತ್ತಿಲ್ಲ. ಅರ್ಥವಿಲ್ಲದ ಹೆಸರಿಗಿಂತ ಸುಳ್ಳು ಹೆಸರು ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಟೆಂಪ್2 ಕಂಡರೆ ಕನಿಷ್ಠ ಅನುಮಾನವಾದರೂ ಬರುತ್ತದೆ. ಹುಣಸಿಮರದ ಹೆಸರು ಕೇಳಿದವ ನೆರಳು ಹುಡುಕಿಕೊಂಡು ಹೋಗುತ್ತಾನೆ.

ಹೆಸರಿನ ಮಾತು ಮುಗಿಸಿ ಮುಂದೆ ಹೋದರೆ ಒಂದು ಸಾಲಿನಲ್ಲಿ 2.5 ಕೂತಿತ್ತು. ಆ ದಿನದ ಮಳೆ 2.5ಕ್ಕಿಂತ ಕಡಿಮೆಯಿದ್ದರೆ ಎಣಿಕೆಯಲ್ಲಿ ಬಿಡು, ಇಲ್ಲದಿದ್ದರೆ ಒಂದು ದಿನ ಕೂಡಿಸು. ಯಾಕವ್ವಾ ಎರಡೂವರೆ, ಎರಡು ಯಾಕಲ್ಲ, ಮೂರು ಯಾಕಲ್ಲ? ಈ ಪ್ರಶ್ನೆಗೆ ಆಕೆಯ ಬಳಿ ಉತ್ತರವಿತ್ತು: ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ತಾಸಿನಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ‘ಮಳೆಯ ದಿನ’. ಒಳ್ಳೆಯ ಉತ್ತರ. ಆದರೆ ಅದು ಇದ್ದದ್ದು ಆಕೆಯ ತಲೆಯಲ್ಲಿ. ತಲೆ ಕಾಲೇಜಿಗೆ ವಾಪಸ್ಸು ಹೋಗುತ್ತದೆ, ಕಡತ ಇಲ್ಲೇ ಉಳಿಯುತ್ತದೆ. ಮುಂದೆ ನೋಡುವವನಿಗೆ ಇದು ಯಾರೋ ಬಾಯಿಗೆ ಬಂದದ್ದು ಬರೆದ ಅಂಕಿಯಾಗಿ ಕಂಡು, ದುಂಡಗಿರಲಿ ಎಂದು 2 ಮಾಡುತ್ತಾನೆ. ಯಂತ್ರ ಚಕಾರ ಎತ್ತುವುದಿಲ್ಲ. ಆದ್ದರಿಂದ ಕಡತದ ತಲೆಯಲ್ಲೇ ‘ಮಳೆ_ದಿನದ_ಕನಿಷ್ಠ_ಮಿಮೀ’ ಎಂದು ಒಂದು ಹೆಸರು ಕೊಟ್ಟು 2.5 ಅಲ್ಲಿ ಬರೆದು, ಪಕ್ಕದಲ್ಲಿ ಇದು ಹವಾಮಾನ ಇಲಾಖೆಯ ವ್ಯಾಖ್ಯೆ ಎಂದು ಟಿಪ್ಪಣಿ ಹಾಕಿಸಿದೆ. ಕೆಳಗೆಲ್ಲ ಆ ಹೆಸರೇ ಬಳಕೆ.

ಟಿಪ್ಪಣಿ ಅಂದೆನಲ್ಲ, ಆಕೆ ಹಾಕಿದ ಟಿಪ್ಪಣಿಗಳಿಗೇನೂ ಕೊರತೆಯಿರಲಿಲ್ಲ. ಎಣಿಕೆಗೆ ಒಂದು ಕೂಡಿಸುವ ಸಾಲಿನ ಮೇಲೆ ‘ಎಣಿಕೆಗೆ ಒಂದು ಕೂಡಿಸುತ್ತಿದ್ದೇವೆ’. ಕಡತ ತೆರೆಯುವ ಸಾಲಿನ ಮೇಲೆ ‘ಕಡತ ತೆರೆಯುತ್ತಿದ್ದೇವೆ’. ಕ್ರಿಕೆಟ್ ಟಿವಿಯಲ್ಲಿ ಕಾಣುತ್ತಿರುವಾಗಲೇ ಪಕ್ಕದಲ್ಲಿ ಕೂತು ‘ಈಗ ಬಾಲ್ ಹಾಕಿದ’ ಎನ್ನುವವರಿರುತ್ತಾರಲ್ಲ, ಹಾಗೆ. ಏನು ಮಾಡುತ್ತಿದ್ದೇವೆಂದು ಸಾಲೇ ಹೇಳುತ್ತದೆ. ಯಾಕೆ ಮಾಡುತ್ತಿದ್ದೇವೆಂದು ಅದು ಹೇಳಲಾರದು.

ಆ ‘ಯಾಕೆ’ಯ ಬೆಲೆ ತಿಳಿದದ್ದು ಅಪ್ಪನ ತಕರಾರಿನಿಂದ. ಪಟ್ಟಿ ತಯಾರಾಗಿತ್ತು. ಹುಡುಗಿ ಓದಿ ಹೇಳುತ್ತಿದ್ದಳು: ಇಂತಿಂಥ ವರ್ಷ ರೋಣಿ ಪೂರಾ ಒಣ, ಮಿರಗ ಮೊದಲ ದಿನವೇ ಜೋರು. ಅಪ್ಪ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದ. “ಸುಳ್ಳು. ಅದು ರೋಣಿ ಮಳಿ. ಮಿರಗ ಕೂಡೂದು ನಾಳೆ ಅನ್ನಾಗ ಸರ್ವತ್ತಿನ್ಯಾಗ ಹೊಡೀತು. ಬೆಳಗಾಗೂದ್ರಾಗ ಹಳ್ಳ ಬಂದಿತ್ತು.” ಹುಡುಗಿ ಅಂಕಿ ತೋರಿಸಿದಳು: ಜೂನ್ 8, ಮಿರಗ ಕೂಡಿದ ದಿನವೇ ದಾಖಲಾಗಿದೆ. ಅಪ್ಪ ಅಂಕಿಗೆ ಸೊಪ್ಪು ಹಾಕುವವನಲ್ಲ. ಅಜ್ಜ ಮೊಮ್ಮಗಳ ಜಗಳ ಊಟದ ತನಕ ಬೆಳೆಯಿತು.

ಇಬ್ಬರದೂ ಸರಿ. ನಮ್ಮ ದೇಶದಲ್ಲಿ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ನಿನ್ನೆ 8:30ರಿಂದ ಇವತ್ತು 8:30ರವರೆಗೆ ಬಿದ್ದದ್ದೆಲ್ಲ ಇವತ್ತಿನ ತಾರೀಖಿನ ಎದುರು ಬೀಳುತ್ತದೆ. ಜೂನ್ 7ರ ಸರಿರಾತ್ರಿ ಸುರಿದ ಮಳೆ ಪುಸ್ತಕದಲ್ಲಿ ಜೂನ್ 8ರದು. ರೋಣಿ ತನ್ನ ಕಡೆಯ ರಾತ್ರಿ ಮಾಡಿದ ಪುಣ್ಯವೆಲ್ಲ ಲೆಕ್ಕದಲ್ಲಿ ಮಿರಗದ ಖಾತೆಗೆ ಜಮಾ ಆಗಿತ್ತು. ತಿಂಗಳ ಲೆಕ್ಕದಲ್ಲಿ ಇದು ದೊಡ್ಡದಾಗಿ ಕಾಣುವುದಿಲ್ಲ. 13 ದಿನದ ನಕ್ಷತ್ರದಲ್ಲಿ ಒಂದು ರಾತ್ರಿ ಆಚೀಚೆಯಾದರೆ ವರ್ಷದ ಕಥೆಯೇ ಬದಲಾಗುತ್ತದೆ.

ರಿಪೇರಿ ಒಂದೇ ಸಾಲು: ದಾಖಲೆಯ ತಾರೀಖಿನಿಂದ ಒಂದು ದಿನ ಕಳೆ. ಆದರೆ ಈ ಸಾಲನ್ನು ಬರಿದೇ ಬಿಟ್ಟರೆ ಮುಂದೆ ಬರುವ ಬುದ್ಧಿವಂತನ ಗತಿ ಏನು? ತಾರೀಖಿನಲ್ಲಿ ಒಂದು ಕಳೆದಿರುವುದು ಕಂಡು, ಯಾವನೋ ಎಣಿಕೆ ತಪ್ಪಿದ್ದಾನೆಂದು ಅಳಿಸಿ, ಸರಿಪಡಿಸಿದ ಸಂತೋಷದಲ್ಲಿ ಚಹಾ ಕುಡಿಯುತ್ತಾನೆ. ಹಾಗಾಗಿ ಮೇಲೆ ಎರಡು ಸಾಲು ಟಿಪ್ಪಣಿ: ಮಾಪನ ಬೆಳಿಗ್ಗೆ 8:30ಕ್ಕೆ, ಆದ್ದರಿಂದ ಮಳೆ ಹಿಂದಿನ ದಿನಕ್ಕೆ ಸೇರಬೇಕು. ಅದೂ ಸಾಲದೆಂದು ಒಂದು ಪರೀಕ್ಷೆ ಬರೆಸಿದೆ. ಜೂನ್ 8ರ ದಾಖಲೆ ಕೊಟ್ಟರೆ ರೋಣಿ ಎಂದೇ ಉತ್ತರ ಬರಬೇಕು. ಯಾರಾದರೂ ಆ ಸಾಲು ಕೆಡಿಸಿದ ಕ್ಷಣ ಪರೀಕ್ಷೆ ಕೂಗಿಕೊಳ್ಳುತ್ತದೆ. ಪೈಟೆಸ್ಟ್ ಎಂಬ ಸಲಕರಣೆಗೆ ಪರೀಕ್ಷೆಯ ಹೆಸರು ಟೆಸ್ಟ್ ಎಂದು ಶುರುವಾದರೆ ಸಾಕು, ಮುಂದಿನದು ನಮ್ಮಿಷ್ಟ. ಹುಡುಗಿ ‘ಟೆಸ್ಟ್_ಅಜ್ಜನ_ತಕರಾರು’ ಎಂದು ಇಟ್ಟಳು. ನಾನು ಓದಿದ ಪರೀಕ್ಷೆಗಳಲ್ಲೆಲ್ಲ ಇಷ್ಟು ಸ್ಪಷ್ಟವಾದ ಹೆಸರು ಇನ್ನೊಂದಿಲ್ಲ.

ಅದೇ ಕಡತದ ನಡುವೆ ಇನ್ನೊಂದು ಅಪಾಯ ಮಲಗಿತ್ತು. ಕೆಲವು ದಿನ ಮಳೆಮಾಪಕದಿಂದ ಅಂಕಿಯೇ ಬಂದಿರಲಿಲ್ಲ. ಆ ಮನೆ ಖಾಲಿ. ಖಾಲಿಯನ್ನು ಸಂಖ್ಯೆ ಮಾಡಲು ಹೋದರೆ ಪೈಥಾನ್ ತಗಾದೆ ತೆಗೆಯುತ್ತದೆ, ತೆಗೆಯಬೇಕಾದದ್ದೇ. ತಗಾದೆ ಕೇಳಲಾರದೆ ಆಕೆ ‘ಎಕ್ಸೆಪ್ಟ್’ ಎಂದು ಬರೆದು, ಏನೇ ತಪ್ಪಾದರೂ ಸೊನ್ನೆ ಅಂದುಕೊಂಡು ಮುಂದೆ ನಡೆ ಎಂದು ಹೇಳಿಬಿಟ್ಟಿದ್ದಳು. ಕಾಲೇಜಿನಲ್ಲಿ ಎಲ್ಲರೂ ಹಾಗೇ ಬರೆಯುತ್ತಾರಂತೆ, ಕೆಂಪು ಅಕ್ಷರ ಕಾಣಬಾರದು ಅಷ್ಟೇ. ಸೊನ್ನೆ ಅಂದರೆ ಮಳೆ ಬಂದಿಲ್ಲ ಎಂಬ ಸಾಕ್ಷಿ. ಖಾಲಿ ಅಂದರೆ ಸಾಕ್ಷಿಯೇ ಇಲ್ಲ. ಬರದ ಸೀಮೆಯಲ್ಲಿ ಇವೆರಡನ್ನು ಒಂದು ಮಾಡಿದರೆ ಆಗುವ ಅನಾಹುತ ಸಣ್ಣದಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿಂತಿರುವುದೇ ಇಂಥ ಅಂಕಿಗಳ ಮೇಲೆ. ಕುಷ್ಟಗಿ ಕಡೆಯ ದಾಳಿಂಬೆಯವರನ್ನು ಕೇಳಿದರೆ ಗೊತ್ತಾಗುತ್ತದೆ. ಯಂತ್ರ ಕೆಟ್ಟ ದಿನಗಳೆಲ್ಲ ಮಳೆ ಇಲ್ಲದ ದಿನಗಳಾಗಿ, ಒಳ್ಳೆಯ ವರ್ಷವೂ ಬರಗಾಲವಾಗಿ ಕಾಣುತ್ತದೆ. ಖಾಲಿಯನ್ನು ಖಾಲಿ ಎಂದೇ ಇಡು, ಕಡೆಯಲ್ಲಿ ಇಷ್ಟು ದಿನದ ಅಂಕಿ ಇಲ್ಲ ಎಂದು ಮುದ್ರಿಸು ಅಂದೆ. ಮುದ್ರಿಸಿದಾಗ ಪಟ್ಟಿ ಮೊದಲಿನಷ್ಟು ಚಂದ ಕಾಣಲಿಲ್ಲ ಎಂದು ಆಕೆಗೆ ಬೇಸರ. ಇರಲಿ.

ಹೆಸರುಗಳನ್ನು ಕನ್ನಡದಲ್ಲೇ ಇಡಬಹುದೆ ಎಂದು ಕೇಳಿದಳು. ಇಡಬಹುದು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಅದಕ್ಕೆ ಬಾಗಿಲು ತೆರೆದಿದೆ. ಇಫ್, ಫಾರ್, ಡೆಫ್ ಮುಂತಾದವು ಇಂಗ್ಲಿಷಿನಲ್ಲೇ ಇರುತ್ತವೆ, ನಾವಿಡುವ ಹೆಸರು ಕನ್ನಡದಲ್ಲಿರಬಹುದು. ಅಷ್ಟೇ ಅಲ್ಲ, ‘೨.೫’ ಎಂದು ಕನ್ನಡ ಅಂಕಿಯಲ್ಲಿ ಬರೆದ ಪಠ್ಯವನ್ನು ಸಂಖ್ಯೆಯಾಗಿ ಪರಿವರ್ತಿಸು ಅಂದರೂ ತಕರಾರಿಲ್ಲದೆ ಎರಡೂವರೆ ಮಾಡಿಕೊಡುತ್ತದೆ. ಈ ಸೌಜನ್ಯ ನಮ್ಮ ಎಷ್ಟೋ ಕಚೇರಿಗಳ ಅರ್ಜಿ ಪುಟಗಳಿಗೇ ಇಲ್ಲ.

ಹುಡುಗಿ ಉತ್ಸಾಹದಲ್ಲಿ ‘ಮಾನ್‌ಸೂನ್_ಮಳೆ’ ಎಂದು ಟೈಪ್ ಮಾಡಿದಳು. ದೋಷ! ಕಾಣದ ಅಕ್ಷರವೊಂದು ಸೇರಿದೆ, ಯು+200ಸಿ, ಎಂದು ಪೈಥಾನ್ ದೂರಿತು. ಎಷ್ಟು ದಿಟ್ಟಿಸಿದರೂ ಆಕೆಗೆ ಏನೂ ಕಾಣಲಿಲ್ಲ. ಕಾಣದ ಅಕ್ಷರ ಕಾಣುವುದಾದರೂ ಹೇಗೆ? ನ್ ಮತ್ತು ಸೂ ಒಂದಕ್ಕೊಂದು ಒತ್ತಾಗಿ ಅಂಟಿಕೊಳ್ಳದಿರಲೆಂದು ನಡುವೆ ನಾವು ತೂರಿಸುವ ಗುಪ್ತ ಗೋಡೆ ಅದು. ಓದುವವನಿಗೆ ಅನುಕೂಲ, ಪೈಥಾನಿನ ಹೆಸರುಗಳಲ್ಲಿ ನಿಷಿದ್ಧ. ‘ಹುಲಿಹೈದರ’ದ ಉದ್ದ ಎಷ್ಟು ಎಂದು ಕೇಳಿದರೆ 8 ಅನ್ನುತ್ತದೆ. ಒಂದನೆಯ ಇಯತ್ತೆಯ ಕೂಸು ಎಣಿಸಿದರೂ ಐದೇ: ಹು, ಲಿ, ಹೈ, ದ, ರ. ಕೊಂಬು, ಗುಡಿಸು, ಐತ್ವಗಳನ್ನು ಯಂತ್ರ ಬೇರೆ ಬೇರೆಯಾಗಿ ಎಣಿಸುತ್ತದೆ. ಇಂಥವು ಗೊತ್ತಿದ್ದರೆ ತೊಂದರೆಯಿಲ್ಲ. ನನ್ನ ಒಲವು ಇಷ್ಟು: ಊರಿನ ಲೆಕ್ಕಕ್ಕೆ, ಊರಿನವರು ಓದುವ ಕೋಡಿಗೆ ಕನ್ನಡ ಹೆಸರೇ ಸರಿ. ‘ಉತ್ರಿ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಯಾರೋ ಒಬ್ಬ ಉತ್ತರ ದಿಕ್ಕು ಎಂದು ಓದಿಕೊಳ್ಳುವ ಅವಾಂತರ ಯಾರಿಗೆ ಬೇಕು? ಹೈದರಾಬಾದಿನವ, ಪುಣೆಯವ ಕೂಡ ಮುಟ್ಟುವ ಕಂಪನಿಯ ಕೋಡಾದರೆ ಇಂಗ್ಲಿಷ್ ಇರಲಿ.

ಇನ್ನು ನಿಯಮಗಳ ಮಾತು. 2001ರಲ್ಲಿ ಗ್ವಿಡೊ ಮತ್ತು ಬ್ಯಾರಿ ವಾರ್ಸಾ ಸೇರಿ ಪೆಪ್ 8 ಎಂಬ ಶೈಲಿ ಕೈಪಿಡಿ ಬರೆದರು. ಒಳಸರಿತಕ್ಕೆ ನಾಲ್ಕು ಖಾಲಿ ಜಾಗ, ಸಾಲಿಗೆ 79 ಅಕ್ಷರ ಮೀರಬಾರದು, ಹೆಸರಿನ ಪದಗಳ ನಡುವೆ ಅಡಿಗೆರೆ ಇತ್ಯಾದಿ. ಇದನ್ನು ಹಿಡಿದುಕೊಂಡು ಕಾಳಗ ಮಾಡುವ ಮಡಿವಂತರು ನಮ್ಮ ಕಸುಬಿನಲ್ಲಿ ಬಹಳ. ಅವರ ಎದುರು ನಾನು ಕೊಪ್ಪಳದವನೆಂಬ ಹಮ್ಮಿನಿಂದಲೇ ಕೂರುತ್ತೇನೆ. ಕೋಡಿನವರಿಗೆ ಶೈಲಿ ಕೈಪಿಡಿ ಸಿಕ್ಕಿದ್ದು ನಿನ್ನೆ ಮೊನ್ನೆ. ಕನ್ನಡದವರಿಗೆ ಅದು ಒಂಬತ್ತನೆಯ ಶತಮಾನದಲ್ಲೇ ಇತ್ತು. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದ ಕವಿರಾಜಮಾರ್ಗದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ಹೆಸರೇ ದೋಷಾದೋಷಾನುವರ್ಣನ ನಿರ್ಣಯ. ಬರವಣಿಗೆಯಲ್ಲಿ ಯಾವುದು ದೋಷ, ಯಾವುದಲ್ಲ ಎಂಬ ತೀರ್ಪಿಗೇ ಅದು ಮೀಸಲು. ತಿರುಳ್ಗನ್ನಡದ ನಾಡನ್ನು ಗುರುತಿಸಲು ಆ ಗ್ರಂಥ ಹೆಸರಿಸುವ ನಾಲ್ಕು ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕೊಪಣ ಅಂದರೆ ನಮ್ಮ ಕೊಪ್ಪಳ. ಈ ವಂಶಾವಳಿ ಹೇಳಿದರೆ ಮೀಟಿಂಗಿನಲ್ಲಿ ಯಾರಿಗೂ ಏನೂ ಅನ್ನಿಸುವುದಿಲ್ಲ ಎನ್ನುವುದು ಬೇರೆ ಮಾತು.

ಕವಿಗಳ ಜಗಳ ತೀರಿಸಲು ಯಂತ್ರವಿರಲಿಲ್ಲ, ನಮಗಿದೆ. 2018ರಲ್ಲಿ ಬಂದ ಬ್ಲ್ಯಾಕ್ ಎಂಬ ಸಲಕರಣೆ ಕಡತವನ್ನು ತೆಗೆದುಕೊಂಡು ತನಗೆ ಸರಿಕಂಡಂತೆ ಸಾಲು, ಜಾಗ, ಆವರಣ ಎಲ್ಲ ಜೋಡಿಸಿ ಕೊಡುತ್ತದೆ. ಅದರ ಸಾಲಿಗೆ 88 ಅಕ್ಷರ. 79 ಹೆಚ್ಚೋ 88 ಹೆಚ್ಚೋ ಎಂದು ಗುದ್ದಾಡುವ ಬದಲು ಅದು ಹೇಳಿದ್ದಕ್ಕೆ ಹೂಂ ಅಂದು ಉಳಿದ ಹೊತ್ತನ್ನು ಹೆಸರಿಡಲು ಬಳಸುವುದು ಉತ್ತಮ. ಹೆಸರಿಡುವ ಸಲಕರಣೆ ಮಾಡಿದ್ದೇವೆ ಎನ್ನುವವರೂ ಈಗ ಇದ್ದಾರೆ. ಅವಕ್ಕೆ ಹುಣಸಿಮರ ಬಿದ್ದದ್ದು ಗೊತ್ತಿರುವುದಿಲ್ಲ.

ಮಡಿ ಅತಿಯಾದರೂ ಕಷ್ಟ. ನನ್ನ ಜೊತೆಗಾರನೊಬ್ಬನಿಗೆ ಯಾವ ಫಂಕ್ಷನ್ನೂ ಐದಾರು ಸಾಲು ಮೀರಬಾರದೆಂಬ ವ್ರತ. ಎರಡು ಸಂಖ್ಯೆ ಕೂಡಿಸಲು ಒಂದು ಕ್ಲಾಸು, ಆ ಕ್ಲಾಸನ್ನು ಹುಟ್ಟಿಸಲು ಇನ್ನೊಂದು. ಒಂದೊಂದು ಚೂರೂ ಕನ್ನಡಿಯಷ್ಟು ಸ್ವಚ್ಛ, ಒಟ್ಟು ಏನಾಗುತ್ತಿದೆ ಎಂದು ಮಾತ್ರ ತಿಳಿಯುವುದಿಲ್ಲ. ಇನ್ನೊಂದು ಜಾತಿಯವರು ಹತ್ತು ಸಾಲಿನ ಕೆಲಸವನ್ನು ಒಂದೇ ಸಾಲಿನಲ್ಲಿ ಹೆಣೆದು ಮೀಸೆ ತಿರುವುವವರು. ಪೈಥಾನಿನ ಪಟ್ಟಿ ಹೆಣೆಯುವ ವಾಕ್ಯರಚನೆ ಬಹಳ ಸೊಗಸಾದದ್ದು. ಒಂದು ಫಾರ್, ಒಂದು ಇಫ್ ಇದ್ದರೆ ಕನ್ನಡ ವಾಕ್ಯದಂತೆ ಓದಿಕೊಂಡು ಹೋಗಬಹುದು. ಮೂರು ಫಾರ್ ಒಂದರೊಳಗೊಂದು ಕೂತರೆ ಅದನ್ನು ಬಿಡಿಸುವ ಹೊತ್ತಿಗೆ ಓದುವವನಿಗೆ ಬರೆದವನ ಜಾಣತನ ತಿಳಿಯುತ್ತದೆಯೇ ಹೊರತು ಮಳೆಯ ಲೆಕ್ಕ ತಿಳಿಯುವುದಿಲ್ಲ. ನಮ್ಮ ಹುಡುಗಿ ಇಂಥದೊಂದನ್ನು ಹೆಮ್ಮೆಯಿಂದ ತೋರಿಸಿದಳು. ಚಂದ ಐತಿ, ಬಿಡಿಸಿ ಬರಿ ಅಂದೆ. ಮುಖ ಸಣ್ಣದು ಮಾಡಿಕೊಂಡು ನಾಲ್ಕು ಸಾಲು ಮಾಡಿದಳು. ಬಿಡಿಸುವಾಗ, ಅಧಿಕ ವರ್ಷದ ಫೆಬ್ರವರಿ 29ನ್ನು ಆ ಒಂದೇ ಸಾಲು ನುಂಗಿ ಕೂತಿತ್ತೆಂದು ಆಕೆಗೇ ಸಿಕ್ಕಿತು. ಫೆಬ್ರವರಿಯಲ್ಲಿ ನಮಗೆ ಮಳೆಯೆಲ್ಲಿ ಎಂದು ವಾದ ಹೂಡಿದಳು, ಆದರೂ ತಿದ್ದಿದಳು.

ರಜೆ ಮುಗಿದು ಆಕೆ ಹೋದಳು. ಪ್ರೋಗ್ರಾಮನ್ನು ಮುಂದುವರಿಸಲು ಮರುವರ್ಷ ಆಕೆಯ ಕಾಲೇಜಿನ ಕಿರಿಯನೊಬ್ಬ ವಹಿಸಿಕೊಂಡನಂತೆ, ಬೆಂಗಳೂರಿನಲ್ಲೇ ಬೆಳೆದ ಹುಡುಗ. ದೀಪಾವಳಿಗೆ ಆಕೆ ಊರಲ್ಲಿದ್ದಾಗ ಅವನ ಫೋನು. ಸ್ಪೀಕರಿನಲ್ಲಿ ಹಾಕಿದಳು, ನಾನು ಕಿವಿಗೊಟ್ಟೆ, ಏನೆಲ್ಲ ತಿಳಿಯದೆ ಹೋಗಿದೆಯೋ ಎಂದು. “ಅಕ್ಕ, ಕೋಡ್ ಎಲ್ಲ ಅರ್ಥ ಆಯ್ತು. ಎಂಟೂವರೆದೂ ಗೊತ್ತಾಯ್ತು. ಅಜ್ಜನ ತಕರಾರು ಟೆಸ್ಟ್ ಓಡಿಸ್ದೆ, ಪಾಸ್. ಒಂದೇ ಡೌಟು. ಈ ಹುಬ್ಬಿ, ಉತ್ರಿ ಅಂದ್ರೆ ಏನು? ಊರ ಹೆಸರಾ?”

ಹುಡುಗಿ ನನ್ನ ಮುಖ ನೋಡಿದಳು. ಮಳೆಗೆ ಹೆಸರಿರುತ್ತದೆಂಬುದನ್ನು ಟಿಪ್ಪಣಿಯಲ್ಲಿ ಬರೆಯಬೇಕೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಪ್ಪ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ. “ಫೋನ್ ಕೊಡಿಲ್ಲಿ. ತಮ್ಮಾ, ಯಾವೂರಪಾ ನಿಂದು? ಅಲ್ಲಿ ಮಳಿ ಆಗಂಗಿಲ್ಲೇನು? ಕೇಳಿಲ್ಲಿ, ಮೊದಲ ರೋಣಿ…”

ಅಪ್ಪ ಮಗಿಗೆ ಬಂದು ಮುಟ್ಟುವ ಹೊತ್ತಿಗೆ ಆ ಹುಡುಗ ಎರಡು ಸಲ “ಸ್ವಲ್ಪ ನಿಧಾನ ತಾತ, ಟೈಪ್ ಮಾಡ್ಕೊಳ್ತಾ ಇದೀನಿ” ಎಂದ.